ಹೇಳಿದ ಬೆಲೆ, ಕೇಳಿದ ಬೆಲೆ, ಕುದುರಿದ ಬೆಲೆ

ಯಾವುದೊಂದು ಪದಾರ್ಥವು ಎಷ್ಟು ಹಣಕ್ಕೆ ಕೈ ಬದಲಾಯಿಸುತ್ತದೆಂಬುದನ್ನು ತಿಳಿಸುವುದಕ್ಕೆ ಕನ್ನಡದಲ್ಲಿ ಶಬ್ದಗಳ ಕೊರತೆಯಿಲ್ಲ. ಬೆಲೆ, ಕ್ರಯ, ಧಾರಣೆ, ದರ, ಮೌಲ್ಯ, ಕಿಮ್ಮತ್ತು ಎಂದು ಒಂದರ ಹಿಂದೊಂದು ನಾಲಗೆಗೆ ಬರುತ್ತವೆ. ಇವುಗಳಲ್ಲಿ ‘ಬೆಲೆ’ಯು ದ್ರಾವಿಡಶಬ್ದ, ತಮಿಳಿನ ‘ವಿಲೈ’, ಮಲಯಾಳದ ‘ವಿಲ’, ತೆಲುಗಿನ ‘ವೆಲ’ ಇದರ ಒಡಹುಟ್ಟುಗಳು, ಇವೆಲ್ಲಕ್ಕೂ ಮೂಲವಾದದ್ದು ಮಾರುವುದೆಂಬ ಅರ್ಥದ ಧಾತು. ‘ಕ್ರಯ’ವಾದರೋ ಸಂಸ್ಕೃತದಲ್ಲಿ ಕೊಳ್ಳುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಎಂದರೆ ಹುಟ್ಟಿನಲ್ಲಿ ಒಂದು ಮಾತು ಮಾರುವವನ ಕಡೆಯದು, ಮತ್ತೊಂದು ಕೊಳ್ಳುವವನ ಕಡೆಯದು. ಬಳಕೆಯಲ್ಲಿ ಈ ಭೇದವು ಸವೆದುಹೋಗಿ ಎರಡೂ ಒಂದೇ ಎಂಬಂತಾಗಿವೆ. ಅಂಗಡಿಯಿಂದ ಅಕ್ಕಿ ತರುವವನಿಗೆ ಈ ಸವೆತದಿಂದ ಕೆಡುಕೇನೂ ಇಲ್ಲ. ಆದರೆ ಸಣ್ಣ ಕಂಪೆನಿಗಳ ಷೇರುಗಳಲ್ಲಿ ಉಳಿತಾಯದ ಹಣವನ್ನು ತೊಡಗಿಸುವ ಗೃಹಸ್ಥನಿಗೆ, ‘ಬೆಲೆ’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಸಂಗತಿಗಳನ್ನು ಮುಚ್ಚಿಹಿಡಿಯುವುದರಿಂದ, ಗೊಂದಲವೂ ನಷ್ಟವೂ ಉಂಟಾಗುತ್ತವೆ. ಆ ಮೂರನ್ನೂ ಬಿಡಿಸಿ ಹೇಳುವ ಮಾತುಗಳು ಕನ್ನಡದ ಪೇಟೆಗಳಲ್ಲಿ ಬಹುಕಾಲದಿಂದ ಇದ್ದೇ ಇವೆಯೆಂಬುದು ಗಮನಿಸತಕ್ಕ ವಿಷಯ.

ಮಲ್ಲಂದೂರು ಚಿಕ್ಕಮಗಳೂರು ತಾಲ್ಲೂಕಿನ ಕಾಫಿಯ ಸೀಮೆ. ಚಿಕ್ಕಮಗಳೂರಿನಿಂದ ಮುತ್ತೋಡಿಯ ಅಡವಿಯ ಕಡೆಗೆ ಹೋಗುವ ಹಾದಿಯಲ್ಲಿದೆ. ಇಲ್ಲಿಯೂ, ಮೂಡಿಗೆರೆ ಕಳಸಗಳ ಕಡೆಯೂ, ಕುಯಿಲು ಮುಗಿದು ಕಾಫಿ ಕಣದಲ್ಲಿ ಒಣಗಿದ ಮೇಲೆ ಮಾರಾಟದ ಮಾತು ಮೊದಲಾಗುತ್ತದೆ. ಬೆಳೆಗಾರನು ಒಂದು ಬೆಲೆಯನ್ನು ‘ಹೇಳು’ತ್ತಾನೆ. ವ್ಯಾಪಾರಿಯು ಅದಕ್ಕಿಂತ ಕಡಮೆಗೆ ‘ಕೇಳು’ತ್ತಾನೆ. “ಎಷ್ಟು ಹೇಳಿದಿರಿ?” ಎಂಬುದು ಮಾರುವವನನ್ನು ಕುರಿತ ಪ್ರಶ್ನೆ, “ಎಷ್ಟಕ್ಕೆ ಕೇಳಿದರು?” ಎಂಬುದು ಕೊಳ್ಳುವವನನ್ನು ಕುರಿತದ್ದು. ಇವೆರಡರ ನಡುವೆ ಎಲ್ಲಿಯೋ ಒಂದು ಕಡೆ ಮಾತು ನಿಂತರೆ ವ್ಯಾಪಾರ ‘ಕುದುರಿತು’. ಕುದುರದಿದ್ದರೆ ಬೆಲೆಯೇ ಇಲ್ಲ. ಹೇಳಿದ್ದೊಂದು, ಕೇಳಿದ್ದೊಂದು, ಎರಡು ಮಾತುಗಳು ಮಾತ್ರ ಉಳಿದವು. ಈ ಬಳಕೆಯು ಕಾಫಿಗೆ ಮಾತ್ರ ಸೇರಿದ್ದಲ್ಲ. ದನದ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಮಾಡುವ ವ್ಯಾಪಾರದಲ್ಲಿಯೂ ಇದೇ ಮಾತು. ಹರಾಜಿನಲ್ಲಿ ಕೊಳ್ಳುವವನು ಕೂಗುವ ಮೊತ್ತಕ್ಕೆ ‘ಸವಾಲು’ ಎಂದು ಹೆಸರಷ್ಟೆ. ಅರಬ್ಬಿ ಮೂಲದ ಆ ಶಬ್ದಕ್ಕೂ ಕೇಳುವುದು ಎಂದೇ ಅರ್ಥ. ಕನ್ನಡದ ಪೇಟೆಯಲ್ಲಿ ಕೇಳುವವನು ಯಾವಾಗಲೂ ಕೊಳ್ಳುವವನೇ.

ಇಂಗ್ಲಿಷಿನ ಷೇರುಪೇಟೆಯ ಪರಿಭಾಷೆಯಲ್ಲಿ ಇದು ತಲೆಕೆಳಗಾಗಿದೆ. ಅಲ್ಲಿ ಕೊಳ್ಳುವವನು ಮುಂದಿಡುವುದು ‘ಬಿಡ್’. ಮಾರುವವನು ಮುಂದಿಡುವುದು ‘ಆಸ್ಕ್’. ಈ ಎರಡನೆಯ ಮಾತನ್ನು ಪದಶಃ ಅನುವಾದಿಸಿ ‘ಕೇಳಿಕೆಯ ಬೆಲೆ’ ಎಂದುಬಿಟ್ಟರೆ, ಜಾತ್ರೆಯ ಭಾಷೆಯನ್ನು ಬಲ್ಲ ಕನ್ನಡಿಗನು ಅದನ್ನು ಕೊಳ್ಳುವವನು ಕೊಡಲೊಪ್ಪಿದ ಮೊತ್ತವೆಂದೇ ತಿಳಿಯುವನು. ತನ್ನ ಷೇರಿಗೆ ಅಷ್ಟು ಹಣ ಬರುತ್ತದೆಂದು ಲೆಕ್ಕ ಹಾಕುವನು. ಬರುವುದು ಅದಲ್ಲ, ಅದಕ್ಕಿಂತ ಕಡಮೆಯಾದ ಮತ್ತೊಂದು. ಭಾಷಾಂತರದ ಸಣ್ಣದೊಂದು ಅಜಾಗರೂಕತೆಯು ನೇರವಾಗಿ ಹಣದ ಚೀಲಕ್ಕೆ ತಗಲುವ ಇಂಥ ನಿದರ್ಶನಗಳು ವಿರಳ.

ಕಾಫಿಯ ಬೆಳೆಗಾರನು ಬೆಲೆಯ ವಿಷಯದಲ್ಲಿ ಅನುಭವವಿಲ್ಲದವನಲ್ಲ. ೧೯೪೨ರ ಕಾಯಿದೆಯ ಮೇರೆಗೆ ಬೆಳೆಯನ್ನೆಲ್ಲ ಕಾಫಿ ಮಂಡಲಿಯ ಸಾಮೂಹಿಕ ಸಂಗ್ರಹಕ್ಕೆ, ಎಂದರೆ ‘ಪೂಲಿ’ಗೆ, ಒಪ್ಪಿಸಬೇಕಾಗಿದ್ದ ಕಾಲದಲ್ಲಿ ಅವನಿಗೆ ಹೇಳುವ ಕೇಳುವ ಪ್ರಸಕ್ತಿಯೇ ಇರಲಿಲ್ಲ. ಕಾಫಿಯ ತರಗತಿಗೆ ತಕ್ಕಂತೆ ಅಂಕಗಳು ಬೀಳುತ್ತಿದ್ದವು. ಮಂಡಲಿಯು ಮಾರಿ ಬಂದ ಹಣವನ್ನು ಕಂತುಗಳಲ್ಲಿ ಹಂಚುತ್ತಿದ್ದಿತು. ಕಾಫಿಯನ್ನು ಕೊಟ್ಟ ದಿನ ಅದರ ಬೆಲೆ ಎಷ್ಟೆಂದು ಯಾರೂ ಹೇಳಲಾರದೆ ಇದ್ದರು. ೧೯೯೨ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಿ ೧೯೯೬ರಲ್ಲಿ ಪೂರ್ತಿಯಾಗಿ ಬಿಟ್ಟುಹೋಯಿತು. ಆ ಮೇಲೆ ಬೆಳೆಗಾರನು ಹೊಸ ಲೆಕ್ಕಗಳನ್ನು ಕಲಿತನು. ಅರಾಬಿಕದ ಅಂತರರಾಷ್ಟ್ರೀಯ ಬೆಲೆಯು ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟು ಎಂದೂ, ರೊಬಸ್ಟದ್ದು ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರು ಎಂದೂ ನಡೆಯುತ್ತದೆ. ಮಲ್ಲಂದೂರಿನಲ್ಲಿ ೫೦ ಕಿಲೋಗ್ರಾಮಿನ ಮೂಟೆಗೆ ಇಷ್ಟು ರೂಪಾಯಿ ಎಂದು ನಡೆಯುತ್ತದೆ. ಚೆರಿ ಕಾಫಿಯಾದರೆ ‘ಔಟ್‌ಟರ್ನ್’ ಎಂಬುದೊಂದು ಬೇರೆ ಇದೆ. ಮೂಟೆಯೊಂದರಿಂದ ಸಿಪ್ಪೆ ಕಳೆದು ಎಷ್ಟು ಕಿಲೋಗ್ರಾಮು ಶುದ್ಧ ಬೀಜ ಇಳಿಯುತ್ತದೆಂಬ ಪ್ರಮಾಣವದು. ಒಬ್ಬ ವ್ಯಾಪಾರಿಯು ಮೂಟೆಗೆ ೧೦,೫೦೦ ರೂಪಾಯಿಗೆ ಕೇಳಿದನೆಂದೂ, ಇನ್ನೊಬ್ಬನು ಇಳಿದ ಬೀಜದ ಕಿಲೋಗ್ರಾಮಿಗೆ ೪೦೦ ರೂಪಾಯಿಯಂತೆ ಕೇಳಿದನೆಂದೂ ಭಾವಿಸಿದರೆ, ಬೀಜವು ೨೭ ಕಿಲೋಗ್ರಾಮು ಇಳಿಯುವ ಕಾಫಿಗೆ ಎರಡನೆಯವನು ಲೇಸು, ೨೬ ಇಳಿಯುವುದಕ್ಕೆ ಮೊದಲನೆಯವನು ಲೇಸು. ಈ ಗಣಿತವನ್ನು ಕಾಗದವಿಲ್ಲದೆ ಮಾಡುವವರು ಆ ಬೆಟ್ಟಗಳಲ್ಲಿ ಮನೆಮನೆಗೂ ಇದ್ದಾರೆ. ಲಂಡನ್ನಿನ ಅಂಕಿಯನ್ನು ಮುಂಜಾನೆಯೇ ಮೊಬೈಲಿನಲ್ಲಿ ನೋಡಿದ ಬೆಳೆಗಾರನು ಅದು ತನ್ನ ಕಣದ ಬೆಲೆಯೆಂದು ಎಂದೂ ಮೋಸಹೋಗುವುದಿಲ್ಲ.

ಅದೇ ಮನುಷ್ಯನು ಅದೇ ಮೊಬೈಲಿನಲ್ಲಿ ಷೇರೊಂದರ ಹೆಸರಿನ ಮುಂದೆ ೧೦೪ ಎಂಬ ಅಂಕಿಯನ್ನು ಕಂಡರೆ ಅದೇ ಅದರ ಬೆಲೆಯೆಂದು ನಂಬಿಬಿಡುತ್ತಾನೆ. ೨೦೨೪ನೆಯ ಇಸವಿಯ ಸೆಪ್ಟೆಂಬರಿನಲ್ಲಿ ರೊಬಸ್ಟವು ಟನ್ನಿಗೆ ೫,೦೦೦ ಡಾಲರನ್ನೂ, ೨೦೨೫ರ ಫೆಬ್ರವರಿಯಲ್ಲಿ ಅರಾಬಿಕವು ಪೌಂಡಿಗೆ ೪ ಡಾಲರನ್ನೂ ದಾಟಿದುವು; ಹೀಗೆ ಕೈಗೆ ಬಂದ ಹಣವು ನಿಲ್ಲಲು ತಾಣವನ್ನು ಹುಡುಕುವುದು ಸಹಜ. ಇಡೀ ದೇಶದಲ್ಲಿಯೂ ಷೇರಿನ ಹವ್ಯಾಸ ಹರಡಿದೆ. ೨೦೨೨ರ ಆಗಸ್ಟಿನಲ್ಲಿಯೇ ಡಿಮ್ಯಾಟ್ ಖಾತೆಗಳ ಸಂಖ್ಯೆ ೧೦ ಕೋಟಿಯನ್ನು ಮೀರಿತು. ಕಣದಲ್ಲಿ ಇರುವ ಎಚ್ಚರಿಕೆಯು ತೆರೆಯ ಮುಂದೆ ಏಕೆ ಕರಗಿಹೋಗುತ್ತದೆ? ಕಣದಲ್ಲಿ ವ್ಯಾಪಾರಿಯ ಮುಖವು ಕಾಣುತ್ತದೆ, ಅವನ ಹಿಂಜರಿಕೆಯೂ ಕಾಣುತ್ತದೆ. ತೆರೆಯಲ್ಲಿ ಕಾಣುವುದು ಒಂದು ಅಂಕಿ. ಅದು ಹೇಳಿದ ಬೆಲೆಯೋ, ಕೇಳಿದ ಬೆಲೆಯೋ, ಕುದುರಿದ ಬೆಲೆಯೋ ಎಂಬುದನ್ನು ಅಂಕಿಯು ತಾನಾಗಿ ತಿಳಿಸುವುದಿಲ್ಲ.

ಸಾಮಾನ್ಯವಾಗಿ ಅದು ಕುದುರಿದ ಬೆಲೆ. ಎಂದರೆ ಕಟ್ಟಕಡೆಯದಾಗಿ ನಡೆದ ವಹಿವಾಟಿನ ಬೆಲೆ. ದೊಡ್ಡ ಕಂಪೆನಿಯ ಷೇರಿನಲ್ಲಿ ಆ ವಹಿವಾಟು ಒಂದು ಕ್ಷಣದ ಹಿಂದೆ ನಡೆದದ್ದು, ಮುಂದಿನ ಕ್ಷಣದಲ್ಲಿ ಮತ್ತೊಂದು ನಡೆಯುವುದು. ಹೇಳಿದ್ದಕ್ಕೂ ಕೇಳಿದ್ದಕ್ಕೂ ಅಂತರ ಕೆಲವು ಪೈಸೆಗಳು. ಅಲ್ಲಿ ಮೂರು ಬೆಲೆಗಳೂ ಒಂದೇ ಎಂದು ಭಾವಿಸಿದವನಿಗೆ ಹೇಳಿಕೊಳ್ಳುವಷ್ಟು ಹಾನಿಯಿಲ್ಲ. ಸಣ್ಣ ಕಂಪೆನಿಯ ಷೇರಿನಲ್ಲಿ ಕಡೆಯ ವಹಿವಾಟು ಬೆಳಗ್ಗೆ ನಡೆದಿರಬಹುದು, ನಿನ್ನೆ ನಡೆದಿರಬಹುದು, ಹೋದ ತಿಂಗಳು ನಡೆದಿರಬಹುದು. ಆ ಅಂಕಿಯು ಒಂದು ನೆನಪು. ಯಾರೂ ಯಾರಿಗೂ ಕೊಟ್ಟ ಮಾತಲ್ಲ.

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ೫೦ ಲಕ್ಷ ಷೇರುಗಳಿರುವ ಕಂಪೆನಿಯೊಂದರ ಷೇರು ಕಡೆಯದಾಗಿ ೧೦೪ ರೂಪಾಯಿಗೆ ಕುದುರಿದೆ. ಮಾರುವವರ ಸಾಲಿನಲ್ಲಿ ಮುಂದೆ ನಿಂತವನು ೧೦೪ ಹೇಳುತ್ತಿದ್ದಾನೆ. ಕೊಳ್ಳುವವರ ಸಾಲಿನಲ್ಲಿ ಒಬ್ಬನು ೯೬ಕ್ಕೆ ೫೦ ಷೇರು ಕೇಳುತ್ತಿದ್ದಾನೆ. ಅವನ ಹಿಂದಿನವನು ೯೪ಕ್ಕೆ ೧೦೦ ಷೇರು. ಅವನ ಹಿಂದಿನವನು ೯೦ಕ್ಕೆ ೩೦೦ ಷೇರು. ೨೦೦ ಷೇರುಗಳನ್ನು ಹಿಡಿದಿರುವ ಗೃಹಸ್ಥನೊಬ್ಬನು ತನ್ನ ಆಸ್ತಿ ೨೦,೮೦೦ ರೂಪಾಯಿ ಎಂದು ಎಣಿಸಿಕೊಂಡಿದ್ದಾನೆ. ಪೇಟೆಯ ಬೆಲೆಗೆ ಮಾರು ಎಂದು ಆದೇಶವನ್ನಿತ್ತರೆ ಮೊದಲ ೫೦ ಷೇರು ೯೬ರಂತೆ, ಮುಂದಿನ ೧೦೦ ಷೇರು ೯೪ರಂತೆ, ಉಳಿದ ೫೦ ಷೇರು ೯೦ರಂತೆ ಹೋಗುತ್ತವೆ. ಕೈಗೆ ಬರುವುದು ದಳ್ಳಾಳಿಯ ಕೂಲಿಯನ್ನೂ ತೆರಿಗೆಯನ್ನೂ ಕಳೆಯುವ ಮೊದಲು ೧೮,೭೦೦ ರೂಪಾಯಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕರಗಿತು. ಕಂಪೆನಿಯ ಕಾರಖಾನೆಯಲ್ಲಿ ಒಂದು ಮೊಳೆಯೂ ಅಲುಗಿಲ್ಲ, ಪೇಟೆಯಲ್ಲಿ ಒಂದು ಸುದ್ದಿಯೂ ಹುಟ್ಟಿಲ್ಲ.

ಗೊಂದಲವು ಇಲ್ಲಿಗೇ ಮುಗಿಯುವುದಿಲ್ಲ. ತೆರೆಯ ಮೇಲೆ ಈಗ ೯೦ ಎಂದು ಕಾಣುತ್ತದೆ. ಷೇರುಗಳ ಸಂಖ್ಯೆಯಿಂದ ಗುಣಿಸಿ ಕಂಪೆನಿಯ ‘ಮಾರುಕಟ್ಟೆಯ ಮೌಲ್ಯ’ವನ್ನು ಕಟ್ಟುವ ಪದ್ಧತಿಯಂತೆ ಕಂಪೆನಿಯು ೭ ಕೋಟಿ ರೂಪಾಯಿಗಳನ್ನು ಕಳೆದುಕೊಂಡಿತು, ೧೮,೭೦೦ ರೂಪಾಯಿಯ ವ್ಯಾಪಾರದಿಂದ! ಸಂಜೆ ಪ್ರಕಟವಾಗುವ ಮುಕ್ತಾಯದ ಬೆಲೆಯು ಇನ್ನೂ ಬೇರೆ. ಅದು ಕಡೆಯ ಅರ್ಧ ಗಂಟೆಯ ವಹಿವಾಟುಗಳ ತೂಕದ ಸರಾಸರಿ. ಆ ಅವಧಿಯಲ್ಲಿ ವ್ಯಾಪಾರ ನಡೆಯದಿದ್ದರೆ ಮಾತ್ರ ಕಡೆಯ ವಹಿವಾಟಿನ ಬೆಲೆ. ಮೇಲಿನ ಮಾರಾಟವೊಂದೇ ಆ ಅರ್ಧ ಗಂಟೆಯಲ್ಲಿ ನಡೆದಿದ್ದರೆ ಮುಕ್ತಾಯದ ಬೆಲೆ ೯೩ ರೂಪಾಯಿ ೫೦ ಪೈಸೆ. ಆ ಬೆಲೆಗೆ ಒಂದು ಷೇರೂ ಕೈ ಬದಲಾಯಿಸಿಲ್ಲ. ಮರುದಿನ ಬೆಳಗ್ಗೆ ಯಾವನೋ ಒಬ್ಬನು ಒಂದೇ ಒಂದು ಷೇರನ್ನು ೧೦೪ಕ್ಕೆ ಕೊಂಡರೆ, ಶೇಕಡಾ ೧೧ಕ್ಕೂ ಮಿಗಿಲಾದ ಏರಿಕೆಯೆಂದು ಹಸಿರು ಬಣ್ಣದಲ್ಲಿ ಮೂಡುತ್ತದೆ. ನಿನ್ನೆ ಮಾರಿದವನು ತಾನು ಮೂರ್ಖನಾದೆನೆಂದು ಹಲುಬುತ್ತಾನೆ. ಅವನು ಕಾದು ಕುಳಿತಿದ್ದರೂ ಇಂದು ಅವನ ೨೦೦ ಷೇರಿಗೆ ೧೦೪ರಂತೆ ಕೊಡುವವರು ಯಾರೂ ಇರುತ್ತಿರಲಿಲ್ಲವೆಂಬುದು ಅವನ ಬುದ್ಧಿಗೆ ಹೊಳೆಯುವುದಿಲ್ಲ.

ಹೇಳಿದ್ದಕ್ಕೂ ಕೇಳಿದ್ದಕ್ಕೂ ನಡುವಣ ಅಂತರವು ಸಣ್ಣ ಕಂಪೆನಿಗಳಲ್ಲಿ ಇಷ್ಟು ಹಿರಿದಾಗುವುದೇಕೆಂಬುದನ್ನು ವಿಚಾರಿಸತಕ್ಕದ್ದು. ಯಾರ ಕುಹಕವೂ ಇಲ್ಲದೆಯೇ ಅದು ಹಿರಿದಾಗಬಲ್ಲುದು. ಮಾರಲು ಬಂದವನಿಗೆ ಕೊಳ್ಳುವವನು ಅದೇ ಗಳಿಗೆಯಲ್ಲಿ ಸಿಗುವುದು ದೈವಯೋಗ. ಆದುದರಿಂದ ನಡುವೆ ನಿಂತು ಇಬ್ಬರಿಂದಲೂ ವ್ಯಾಪಾರ ಮಾಡುವ ಮೂರನೆಯವನೊಬ್ಬನು ಬೇಕಾಗುತ್ತಾನೆ. ಮುಂಬಯಿಯ ಹಳೆಯ ಷೇರುಪೇಟೆಯಲ್ಲಿ ಇಂಥವನಿಗೆ ‘ತರಾವಣಿವಾಲಾ’ ಎಂಬ ಹೆಸರಿದ್ದಿತು. ಲಂಡನ್ನಿನಲ್ಲಿ ೧೯೮೬ರ ಸುಧಾರಣೆಯವರೆಗೆ ‘ಜಾಬರು’ಗಳೆಂಬ ಪ್ರತ್ಯೇಕ ವರ್ಗವೇ ಇದ್ದಿತು. ಈ ನಡುವಣವನು ಇಂದು ಕೊಂಡ ಷೇರನ್ನು ಎಂದು ಮಾರಿಯಾನೆಂದು ಅರಿಯನು. ಅಷ್ಟು ದಿನ ಅವನ ಹಣವು ಸಿಕ್ಕಿಬಿದ್ದಿರುತ್ತದೆ. ಅದಕ್ಕಿಂತಲೂ ಹೆಚ್ಚಾಗಿ ಅವನಿಗೊಂದು ಅಂಜಿಕೆ ಉಂಟು: ತನ್ನೆದುರು ಮಾರಲು ಬಂದವನು ಕಂಪೆನಿಯ ಒಳಗುಟ್ಟನ್ನು ಬಲ್ಲವನಾಗಿದ್ದರೆ? ಪತ್ರಿಕೆಗಳು ಬರೆಯದ ಸಣ್ಣ ಕಂಪೆನಿಗಳಲ್ಲಿ ಈ ಅಂಜಿಕೆಯು ನಿರಾಧಾರವಲ್ಲ. ಆದಕಾರಣ ಅವನು ಕೇಳುವಾಗ ತಗ್ಗಿಸಿ ಕೇಳುತ್ತಾನೆ, ಹೇಳುವಾಗ ಏರಿಸಿ ಹೇಳುತ್ತಾನೆ. ಹಸಿ ತಗಲಿದ ಕಾಫಿಯ ಮೂಟೆಯನ್ನು ಬಿಚ್ಚಿ ನೋಡುವ ಮೊದಲು ವ್ಯಾಪಾರಿಯು ಬೆಲೆ ತಗ್ಗಿಸುವುದೂ ಇದೇ ನ್ಯಾಯದಿಂದಲೇ. ಕಾಫಿಯ ಮೂಟೆಯನ್ನಾದರೋ ಬಿಚ್ಚಿ ನೋಡಬಹುದು.

೨೦೧೨ರಲ್ಲಿ ಮುಂಬಯಿಯ ಎರಡು ವಿನಿಮಯಕೇಂದ್ರಗಳೂ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ ಬೇರೆ ವೇದಿಕೆಗಳನ್ನು ತೆರೆದಾಗ, ಇಂಥ ನಡುವಣವನೊಬ್ಬನು ಮೂರು ವರ್ಷಗಳ ಕಾಲ ಕಡ್ಡಾಯವಾಗಿ ಇರಬೇಕೆಂದು ವಿಧಿಸಲಾಯಿತು. ಈ ವೇದಿಕೆಗಳಲ್ಲಿ ಬಿಡಿ ಷೇರುಗಳ ವ್ಯಾಪಾರವಿಲ್ಲ. ನೂರಾರು ಅಥವಾ ಸಾವಿರಾರು ಷೇರುಗಳ ಗಂಟನ್ನು ಒಟ್ಟಾಗಿಯೇ ಕೊಂಡು ಒಟ್ಟಾಗಿಯೇ ಮಾರಬೇಕು. ಬಡವನನ್ನು ದೂರವಿಟ್ಟು ಕಾಪಾಡುವುದು ಈ ನಿಯಮದ ಉದ್ದೇಶ. ಹೊಸ ಷೇರಿಗೆ ಅರ್ಜಿ ಹಾಕುವುದಕ್ಕೆ ಬೇಕಾದ ಕನಿಷ್ಠ ಮೊತ್ತವನ್ನು ೨೦೨೫ರಲ್ಲಿ ಎರಡು ಲಕ್ಷ ರೂಪಾಯಿಗೆ ಮೇಲ್ಪಟ್ಟು ಏರಿಸಿದ್ದೂ ಅದೇ ಉದ್ದೇಶದಿಂದ. ಆದರೂ ಒಮ್ಮೆ ಒಳಹೊಕ್ಕವನಿಗೆ ಗಂಟನ್ನು ಒಡೆದು ಅರ್ಧ ಮಾರುವ ಅನುಕೂಲವಿಲ್ಲ. ಒಳಹೊಗುವ ಉತ್ಸಾಹವಂತೂ ಕಡಮೆಯಾಗಿಲ್ಲ. ೨೦೨೪ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಎರಡು ಮೋಟಾರುಸೈಕಲ್ ಅಂಗಡಿಗಳನ್ನಿಟ್ಟುಕೊಂಡು ಎಂಟು ಮಂದಿ ನೌಕರರಿಂದ ನಡೆಯುತ್ತಿದ್ದ ರಿಸೋರ್ಸ್‌ಫುಲ್ ಆಟೋಮೊಬೈಲ್ ಎಂಬ ಕಂಪೆನಿಯು ಸುಮಾರು ೧೨ ಕೋಟಿ ರೂಪಾಯಿಗಳನ್ನು ಬೇಡಿತು. ಜನರು ಸುಮಾರು ೪,೮೦೦ ಕೋಟಿ ರೂಪಾಯಿಗಳಿಗೆ ಅರ್ಜಿ ಸಲ್ಲಿಸಿದರು.

ಕುದುರಿದ ಬೆಲೆಯು ನೆನಪು ಮಾತ್ರವೆಂಬುದಕ್ಕೆ ಅತ್ಯಂತ ವಿಲಕ್ಷಣವಾದ ಸಾಕ್ಷ್ಯವು ಅದೇ ವರ್ಷ ದೊರೆಯಿತು. ಎಲ್ಸಿಡ್ ಇನ್‌ವೆಸ್ಟ್‌ಮೆಂಟ್ಸ್ ಎಂಬುದು ಏಷ್ಯನ್ ಪೇಂಟ್ಸ್ ಕಂಪೆನಿಯ ಷೇರುಗಳನ್ನು ಹಿಡಿದಿರುವ ಒಂದು ಪುಟ್ಟ ಸಂಸ್ಥೆ. ಅದರ ಒಟ್ಟು ಷೇರುಗಳು ೨ ಲಕ್ಷ ಮಾತ್ರ. ಅದರ ಬೆಲೆಯೆಂದು ದಾಖಲೆಯಲ್ಲಿ ನಿಂತಿದ್ದುದು ೩ ರೂಪಾಯಿ ೫೩ ಪೈಸೆ. ಪ್ರತಿ ಷೇರಿನ ಹಿಂದೆ ಇದ್ದ ಆಸ್ತಿಯಾದರೋ ಲೆಕ್ಕಪತ್ರಗಳ ಪ್ರಕಾರ ೫ ಲಕ್ಷ ರೂಪಾಯಿಗಳಿಗೂ ಮಿಗಿಲು. ಮೂರು ರೂಪಾಯಿಗೆ ಕೊಡುವ ಮರುಳರು ಯಾರೂ ಇರಲಿಲ್ಲ. ಒಂದು ದಿನಕ್ಕೆ ಇಂತಿಷ್ಟೇ ಏರಬಹುದೆಂಬ ಕಟ್ಟಳೆಯಿಂದ ಅಂಕಿಯು ಮೇಲಕ್ಕೆ ಹಾರುವಂತೆಯೂ ಇರಲಿಲ್ಲ. ಆದುದರಿಂದ ವ್ಯಾಪಾರವಿಲ್ಲ, ವ್ಯಾಪಾರವಿಲ್ಲದುದರಿಂದ ಹಳೆಯ ಅಂಕಿಯೇ ಬೆಲೆ. ಷೇರುಪೇಟೆಯ ನಿಯಾಮಕ ಮಂಡಳಿಯಾದ ಸೆಬಿಯ ಅಪ್ಪಣೆಯಂತೆ ೨೦೨೪ರ ಅಕ್ಟೋಬರ್ ೨೯ರಂದು ಬೆಲೆಯ ಮಿತಿಯಿಲ್ಲದ ವಿಶೇಷ ಹರಾಜು ನಡೆದಾಗ ಅದೇ ಷೇರು ೨,೨೫,೦೦೦ ರೂಪಾಯಿಗೆ ಕುದುರಿತು. ಒಂದೇ ದಿನದಲ್ಲಿ ಅರವತ್ತು ಸಾವಿರ ಪಟ್ಟಿಗೂ ಮಿಗಿಲಾಗಿ ಏರಿತೆಂದು ಪತ್ರಿಕೆಗಳು ಬೆರಗಾದುವು. ಏರಿದ್ದು ಏನೂ ಇಲ್ಲ; ವರ್ಷಗಳಿಂದ ನಿಂತುಹೋಗಿದ್ದ ಗಡಿಯಾರವನ್ನು ಯಾರೋ ತಿರುಗಿಸಿ ಸರಿಪಡಿಸಿದರು.

ಇದಕ್ಕೆ ಪ್ರತಿಯಾಗಿ, ಬೆಲೆಯೇ ಇಲ್ಲದೆ ಉಳಿದ ಷೇರುಗಳ ಸಂಗತಿಯು ಕರ್ಣಾಟಕಕ್ಕೆ ಹೆಚ್ಚು ಸಮೀಪದ್ದು. ೧೯೬೩ರಲ್ಲಿ ಮಾನ್ಯತೆ ಪಡೆದ ಬೆಂಗಳೂರು ಷೇರು ವಿನಿಮಯಕೇಂದ್ರವು ೨೦೧೪ನೆಯ ಇಸವಿಯಲ್ಲಿ ಬಾಗಿಲು ಹಾಕಿತು. ಮಂಗಳೂರಿನದು ಅದಕ್ಕೂ ಮೊದಲೇ ಮಾನ್ಯತೆ ಕಳೆದುಕೊಂಡಿದ್ದಿತು. ೧೯೯೪ರಲ್ಲಿ ರಾಷ್ಟ್ರೀಯ ವಿನಿಮಯಕೇಂದ್ರದ ಯಂತ್ರವ್ಯಾಪಾರ ಮೊದಲಾದ ಮೇಲೆ ಪ್ರಾಂತೀಯ ಕೇಂದ್ರಗಳಿಗೆ ಉಸಿರು ನಿಂತುಹೋಗಿದ್ದಿತು. ಇಂಥ ಕೇಂದ್ರಗಳಲ್ಲಿ ಮಾತ್ರ ನೋಂದಣಿಯಾಗಿದ್ದ, ಬೇರೆ ಕೇಂದ್ರವನ್ನು ಸೇರಲಾರದ ಕಂಪೆನಿಗಳನ್ನು ಮುಂಬಯಿಯ ಕೇಂದ್ರಗಳ ‘ಪ್ರಸಾರ ಫಲಕ’ವೆಂಬ ಪಟ್ಟಿಗೆ ಸೇರಿಸಲಾಯಿತು. ಆ ಫಲಕದಲ್ಲಿ ಹೇಳುವವನು ಹೇಳಬಹುದು, ಕೇಳುವವನು ಕೇಳಬಹುದು. ಕುದುರಿಸುವ ಪೇಟೆ ಮಾತ್ರ ಇಲ್ಲ. ತಂದೆ ತಾತಂದಿರ ಪೆಟ್ಟಿಗೆಯಲ್ಲಿ ಸಿಕ್ಕಿದ ಷೇರುಪತ್ರವನ್ನು ಹಿಡಿದು ಅದರ ಬೆಲೆ ಎಷ್ಟೆಂದು ವಿಚಾರಿಸುವವರಿಗೆ ಕೊಡಬಹುದಾದ ಪ್ರಾಮಾಣಿಕ ಉತ್ತರವು ಮೂರು ಮಾತುಗಳ ಭೇದವನ್ನು ತಿಳಿಯದವರಿಗೆ ಅರ್ಥವಾಗುವಂಥದಲ್ಲ. ೨೦೧೯ರ ಏಪ್ರಿಲಿನಿಂದ ಕಾಗದದ ಷೇರುಗಳ ವರ್ಗಾವಣೆಯನ್ನೂ ನಿಲ್ಲಿಸಿದ್ದರಿಂದ, ಪತ್ರವನ್ನು ಮೊದಲು ಖಾತೆಯ ರೂಪಕ್ಕೆ ತರುವ ತೊಡಕೂ ಸೇರಿತು.

ಬೆಲೆಯು ಕಾಣುತ್ತಿದ್ದರೂ ದಕ್ಕದಿರುವ ಮೂರನೆಯದೊಂದು ಸ್ಥಿತಿಯುಂಟು. ದಿನವೊಂದರಲ್ಲಿ ಷೇರಿನ ಬೆಲೆಯು ಶೇಕಡಾ ೨, ೫, ೧೦ ಅಥವಾ ೨೦ಕ್ಕಿಂತ ಹೆಚ್ಚು ಏರಿಳಿಯಬಾರದೆಂಬ ತಡೆಮಿತಿಗಳಿವೆ. ಪೇಟೆಯ ಮಾತಿನಲ್ಲಿ ಇವಕ್ಕೆ ‘ಸರ್ಕ್ಯೂಟ್’ ಎಂದು ಹೆಸರು. ಕೆಳಮಿತಿಯನ್ನು ಮುಟ್ಟಿದ ಷೇರಿನಲ್ಲಿ ಮಾರುವವರ ಸಾಲು ಉದ್ದವಾಗಿರುತ್ತದೆ, ಕೇಳುವವನೇ ಇರುವುದಿಲ್ಲ. ಈ ವಿಷಯದಲ್ಲಿ ಚಿಕ್ಕಮಗಳೂರಿನ ಬೆಟ್ಟಗಳಿಗೆ ಚೆನ್ನಾಗಿ ಪರಿಚಯವಿರುವ ನಿದರ್ಶನವೊಂದಿದೆ. ಮುಂಬಯಿಯ ಷೇರು ವ್ಯವಹಾರದಲ್ಲಿ ಕೆಲಸ ಕಲಿತು ಬಂದ ಕಾಫಿಮನೆತನದ ವಿ. ಜಿ. ಸಿದ್ಧಾರ್ಥರು ಸ್ಥಾಪಿಸಿದ ಕಾಫಿ ಡೇ ಎಂಟರ್‌ಪ್ರೈಸಸ್ ಕಂಪೆನಿಯು ಸಣ್ಣದೇನೂ ಆಗಿರಲಿಲ್ಲ. ೨೦೧೫ರ ಅಕ್ಟೋಬರಿನಲ್ಲಿ ಅದು ಷೇರಿಗೆ ೩೨೮ ರೂಪಾಯಿಯಂತೆ ೧,೧೫೦ ಕೋಟಿ ರೂಪಾಯಿಗಳನ್ನು ಎತ್ತಿತು. ೨೦೧೯ರ ಜುಲೈ ೨೯ರ ಸಂಜೆ ಸಿದ್ಧಾರ್ಥರು ಕಾಣೆಯಾದರು. ಷೇರು ೩೦ರಂದು ಶೇಕಡಾ ೨೦ರ ಕೆಳಮಿತಿಗೆ ಬಿದ್ದಿತು; ೩೧ರಂದು ಮತ್ತೆ ಶೇಕಡಾ ೨೦. ಎರಡು ದಿನಗಳಲ್ಲಿ ಸುಮಾರು ೧೯೨ ರೂಪಾಯಿಯಿಂದ ೧೨೩ಕ್ಕೆ ಇಳಿಯಿತು. ಆ ದಿನಗಳಲ್ಲಿ ತೆರೆಯ ಮೇಲೆ ಕಂಡ ಬೆಲೆಗೆ ಮಾರಬಯಸಿದವರ ಸಾಲು ಕೊಳ್ಳಬಯಸಿದವರದಕ್ಕಿಂತ ಬಹಳ ಉದ್ದವಾಗಿದ್ದಿತು. ಅಂಕಿಯನ್ನು ನಿಲ್ಲಿಸಿದ್ದುದು ಕಟ್ಟಳೆ, ಕೊಳ್ಳುವವನ ಒಪ್ಪಿಗೆಯಲ್ಲ. ಮುಂದೆ ಲೆಕ್ಕಪತ್ರಗಳನ್ನು ಸಕಾಲದಲ್ಲಿ ಒಪ್ಪಿಸದ ಕಾರಣ ೨೦೨೦ರ ಫೆಬ್ರವರಿಯಿಂದ ೨೦೨೧ರ ಏಪ್ರಿಲಿನವರೆಗೆ ಅದರ ವ್ಯಾಪಾರವನ್ನೇ ತಡೆಹಿಡಿಯಲಾಗಿದ್ದಿತು. ಆ ಅವಧಿಯಲ್ಲಿ ಷೇರುದಾರನ ಖಾತೆಯಲ್ಲಿ ಷೇರು ಇದ್ದಿತು, ಅದನ್ನು ಹೇಳುವುದಕ್ಕೂ ಕೇಳುವುದಕ್ಕೂ ಪೇಟೆಯೇ ಇರಲಿಲ್ಲ. ಮೇಲ್ಮಿತಿಯ ಸ್ಥಿತಿಯು ಇದರ ಕನ್ನಡಿಬಿಂಬ. ಅಲ್ಲಿ ಏರುತ್ತಿರುವ ಬೆಲೆ ಕಾಣುತ್ತದೆ, ಕೊಡುವವನು ಕಾಣುವುದಿಲ್ಲ. ಅನೇಕ ದಿನ ಮೇಲ್ಮಿತಿಯನ್ನು ಮುಟ್ಟಿದ ಷೇರನ್ನು ಕಂಡು ಆಸೆಪಟ್ಟವನಿಗೆ ಅದು ಸಿಕ್ಕುವುದು ಸಾಮಾನ್ಯವಾಗಿ ಬಲ್ಲವರು ಕೊಡಲು ಮೊದಲುಮಾಡಿದ ದಿನ.

ಮುಖಬೆಲೆ ಎಂಬ ಮಾತಿನ ಗೊಂದಲ ಹಳೆಯದು, ಅದನ್ನು ವಿಸ್ತರಿಸಬೇಕಾಗಿಲ್ಲ. ೧೦ ರೂಪಾಯಿ ಮುಖಬೆಲೆಯ ಷೇರಿಗೆ ಶೇಕಡಾ ೫೦ರಷ್ಟು ಲಾಭಾಂಶವೆಂದರೆ ೫ ರೂಪಾಯಿ. ಅದನ್ನು ೧,೦೦೦ ರೂಪಾಯಿ ಕೊಟ್ಟು ಕೊಂಡವನಿಗೆ ನೂರಕ್ಕೆ ಎಂಟಾಣೆ ಬಡ್ಡಿ. ‘ಅಗ್ಗ’ವೆಂಬ ಮಾತಿನ ಮರುಳು ಮಾತ್ರ ಇಂದಿಗೂ ಬಲವಾಗಿದೆ. ಆ ಶಬ್ದವು ಸಂಸ್ಕೃತದ ‘ಅರ್ಘ’ದ ತದ್ಭವ, ಮೂಲದಲ್ಲಿ ಅದಕ್ಕೆ ಬೆಲೆ ಎಂದಷ್ಟೇ ಅರ್ಥ, ಕಡಮೆ ಬೆಲೆಯೆಂಬುದು ಕನ್ನಡದಲ್ಲಿ ಬೆಳೆದದ್ದು. ೪ ರೂಪಾಯಿಯ ಷೇರು ಅಗ್ಗ, ೪,೦೦೦ದ್ದು ದುಬಾರಿ ಎಂಬ ತೀರ್ಮಾನದಲ್ಲಿ ಷೇರುಗಳ ಸಂಖ್ಯೆ ಎಷ್ಟೆಂಬ ಪ್ರಶ್ನೆಯೇ ಏಳುವುದಿಲ್ಲ. ಹತ್ತು ರೂಪಾಯಿಯ ಷೇರನ್ನು ಎರಡೆರಡು ರೂಪಾಯಿಯ ಐದು ತುಂಡುಗಳಾಗಿ ಸೀಳಿದ ದಿನ ೫೦೦ರ ಬೆಲೆ ೧೦೦ಕ್ಕೆ ಇಳಿದುದನ್ನು ಕಂಡು ಎದೆಯೊಡೆದುಕೊಂಡವರೂ, ಅಗ್ಗವಾಯಿತೆಂದು ನುಗ್ಗಿ ಕೊಂಡವರೂ ಒಂದೇ ತಪ್ಪಿನ ಎರಡು ಮುಖಗಳು.

ವಹಿವಾಟಿನ ಪ್ರಮಾಣವನ್ನು ನೋಡಿ ತಿಳಿಯುತ್ತೇವೆಂಬವರದು ಇನ್ನೊಂದು ಬಗೆಯ ಭ್ರಾಂತಿ. ಇಂದು ಕೊಂಡವರು ಹೆಚ್ಚು, ನಿನ್ನೆ ಮಾರಿದವರು ಹೆಚ್ಚು ಎಂಬ ಮಾತು ಪೇಟೆಯಲ್ಲಿ ದಿನವೂ ಕೇಳಬರುತ್ತದೆ. ಕೊಂಡ ಪ್ರತಿಯೊಂದು ಷೇರಿಗೂ ಮಾರಿದವನೊಬ್ಬನು ಇದ್ದೇ ಇರಬೇಕಾದುದರಿಂದ ಕೊಂಡ ಷೇರುಗಳೂ ಮಾರಿದ ಷೇರುಗಳೂ ಎಂದಿಗೂ ಸಮವೇ. ಹೆಚ್ಚು ಕಡಮೆಯಾಗುವುದು ಆತುರ: ಹೇಳಿದ ಬೆಲೆಗೇ ಕೊಂಡಿದ್ದರೆ ಆತುರವು ಕೊಳ್ಳುವವನದು, ಕೇಳಿದ ಬೆಲೆಗೇ ಕೊಟ್ಟಿದ್ದರೆ ಆತುರವು ಮಾರುವವನದು. ಎರಡು ಬೆಲೆಗಳೂ ಗಳಿಗೆಗಳಿಗೆಗೆ ಸರಿಯುವ ಷೇರಿನಲ್ಲಿ ಈ ಅನುಮಾನವೂ ಅನೇಕವೇಳೆ ತಪ್ಪುತ್ತದೆ. ಆತುರವನ್ನು ನಟಿಸುವುದೂ ಸಾಧ್ಯ. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಕಂಪೆನಿಯ ಷೇರಿನ ವಿಷಯದಲ್ಲಿ ಸೆಬಿಯು ೨೦೨೩ರ ಮಾರ್ಚಿಯಲ್ಲಿ ಹೊರಡಿಸಿದ ಮಧ್ಯಂತರ ಆಜ್ಞೆಯು ಇದನ್ನು ಬಿಡಿಸಿ ತೋರಿಸುತ್ತದೆ. ಕೆಲವರು ತಮ್ಮೊಳಗೆ ಕೊಂಡು ಮಾರಿ ಬೆಲೆಯನ್ನು ಏರಿಸಿದರೆಂದೂ, ೨೦೨೨ರ ಜುಲೈಯಲ್ಲಿ ಯೂಟ್ಯೂಬಿನ ಸುಳ್ಳು ಸುದ್ದಿಗಳಿಂದ ಜನರನ್ನು ಸೆಳೆದರೆಂದೂ, ಜನರು ನುಗ್ಗಿದಾಗ ತಮ್ಮ ಷೇರುಗಳನ್ನು ಕೊಟ್ಟು ಹೊರಬಂದರೆಂದೂ ಆಜ್ಞೆಯಲ್ಲಿ ಹೇಳಿದೆ. ಆ ಅವಧಿಯಲ್ಲಿ ಸಣ್ಣ ಷೇರುದಾರರ ಸಂಖ್ಯೆಯು ೨,೧೬೭ರಿಂದ ೫೫,೩೪೩ಕ್ಕೆ ಏರಿದ್ದಿತು. ಅವರಿಗೆ ಕಂಡದ್ದೆಲ್ಲ ಕುದುರಿದ ಬೆಲೆಗಳೇ. ಕುದುರಿಸಿದವರು ಯಾರೆಂಬುದು ಮಾತ್ರ ಕಾಣಲಿಲ್ಲ.

ಪೇಟೆಯ ನಿಯಾಮಕರು ಈ ತೊಡಕುಗಳನ್ನು ಅರಿಯದವರಲ್ಲ. ತೀರ ವಿರಳವಾಗಿ ನಡೆಯುವ ಷೇರುಗಳನ್ನು ಎಡೆಬಿಡದ ವ್ಯಾಪಾರದಿಂದ ತೆಗೆದು, ಗಂಟೆಗೊಮ್ಮೆ ಹೇಳಿದವರನ್ನೂ ಕೇಳಿದವರನ್ನೂ ಒಟ್ಟುಗೂಡಿಸಿ ಹೆಚ್ಚು ಷೇರುಗಳು ಕುದುರುವ ಒಂದೇ ಬೆಲೆಯನ್ನು ಗೊತ್ತುಮಾಡುವ ಹರಾಜಿನ ಪದ್ಧತಿಯನ್ನು ೨೦೧೩ರಲ್ಲಿ ತಂದರು. ತತ್ತ್ವದಲ್ಲಿ ಇದು ವಾರದ ಸಂತೆಯ ನ್ಯಾಯ: ದಿನವೆಲ್ಲ ತೆರೆದಿರುವ ಬರಿಯ ಅಂಗಡಿಗಿಂತ, ಎಲ್ಲರೂ ಸೇರುವ ಒಂದು ಹೊತ್ತು ಮೇಲು. ಹೂಡಿಕೆದಾರನ ಕೈಯಲ್ಲಿರುವ ಉಪಾಯವು ಇನ್ನೂ ಸರಳವಾದದ್ದು. ‘ಪೇಟೆಯ ಬೆಲೆಗೆ’ ಎಂಬ ಆದೇಶವು ಸಣ್ಣ ಷೇರಿನಲ್ಲಿ ‘ಎಷ್ಟಕ್ಕೆ ಕೇಳಿದರೂ ಸರಿ’ ಎಂಬ ಶರಣಾಗತಿ. ಯಾವ ಬೆಳೆಗಾರನೂ ಕಾಫಿಯನ್ನು ಹೀಗೆ ಕೊಡುವುದಿಲ್ಲ. ಇಂತಿಷ್ಟಕ್ಕೆ ಕಡಮೆಯಿಲ್ಲ, ಇಂತಿಷ್ಟಕ್ಕೆ ಹೆಚ್ಚಿಲ್ಲ ಎಂದು ಮಿತಿಯನ್ನು ಹೇಳಿ ಆದೇಶ ಕೊಡುವ ಅವಕಾಶವು ಎಲ್ಲ ವಿನಿಮಯಕೇಂದ್ರಗಳಲ್ಲಿಯೂ ಇದೆ. ಕುದುರದೆ ಹೋಗುವ ಸಂಭವವು ಇದಕ್ಕೆ ತೆರಬೇಕಾದ ಶುಲ್ಕ.

ವಾಣಿಜ್ಯದ ಪಾರಿಭಾಷಿಕ ಶಬ್ದಗಳನ್ನು ಕನ್ನಡದಲ್ಲಿ ಗೊತ್ತುಮಾಡುವವರು ಈ ವಿಷಯದಲ್ಲಿ ಜಾತ್ರೆಯ ಹಾಗೂ ಕಣದ ಮಾತನ್ನು ಅನುಸರಿಸುವುದು ಯುಕ್ತವೆಂದು ತೋರುತ್ತದೆ. ‘ಬಿಡ್’ ಎಂಬುದಕ್ಕೆ ಕೇಳಿದ ಬೆಲೆ, ‘ಆಸ್ಕ್’ ಎಂಬುದಕ್ಕೆ ಹೇಳಿದ ಬೆಲೆ, ಕಡೆಯ ವಹಿವಾಟಿನದಕ್ಕೆ ಕುದುರಿದ ಬೆಲೆ. ಮೊದಲೆರಡರ ನಡುವಣದು ಅಂತರ. ಇವುಗಳಲ್ಲಿ ಹೊಸದಾಗಿ ಟಂಕಿಸಿದ್ದು ಒಂದೂ ಇಲ್ಲ. ಸಂಸ್ಕೃತಭೂಯಿಷ್ಠವಾದ ‘ಯಾಚಿತಮೂಲ್ಯ’ದಂಥ ಸೃಷ್ಟಿಗಳು ಇದೇ ಕಾರ್ಯಕ್ಕೆ ಒದಗಲಾರವು; ಯಾಚಿಸಿದವನು ಕೊಳ್ಳುವವನೋ ಮಾರುವವನೋ ಎಂಬ ಹಳೆಯ ಪ್ರಶ್ನೆಯು ಅಲ್ಲಿ ಮತ್ತೆ ತಲೆಯೆತ್ತುತ್ತದೆ. ‘ಮಾರುಕಟ್ಟೆಯ ಮೌಲ್ಯ’ವೆಂಬ ಬಳಕೆಯು ಈಗಾಗಲೆ ಬೇರೂರಿರುವುದರಿಂದ ಅದನ್ನು ಕೀಳುವುದು ಕಷ್ಟ, ಆದರೂ ಅರ್ಥಕೋಶಗಳಲ್ಲಿ ಅದರ ಮುಂದೆ ‘ಕಡೆಯದಾಗಿ ಕುದುರಿದ ಬೆಲೆಯಿಂದ ಎಲ್ಲ ಷೇರುಗಳನ್ನೂ ಗುಣಿಸಿ ಬಂದ ಮೊತ್ತ, ಎಲ್ಲವನ್ನೂ ಮಾರಿದರೆ ಬರುವುದಲ್ಲ’ ಎಂದು ಒಂದು ಸಾಲನ್ನು ಸೇರಿಸುವುದಕ್ಕೆ ಅಡ್ಡಿಯೇನೂ ಕಾಣುವುದಿಲ್ಲ.